ಹೇಳಬಾರದ ವರದಿ

ಅಣ್ಣಿಗೇರಿಯ ಷೇರು ದಲ್ಲಾಳಿ ಪೇಢಿಯೊಂದರಲ್ಲಿ ಕಂಪ್ಲಯನ್ಸ್ ಆಫೀಸರ್ ಆಗಿ ದುಡಿದು ನಿವೃತ್ತನಾದವನು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಅಣ್ಣ ಚನ್ನಬಸಪ್ಪ ದೇವಿಕೊಪ್ಪದಿಂದ ಆಫೀಸು ನೋಡಲು ಬಂದಿದ್ದ. ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕುಳಿತು, ನನ್ನ ಮೇಜಿನ ಮೇಲಿದ್ದ ಕಾಗದದ ರಾಶಿಯನ್ನು ನೋಡಿ ಕೇಳಿದ:

"ನೀ ಷೇರ ಕೊಳ್ತಿಯೇನು?"

"ಇಲ್ಲ."

"ಮಾರ್ತಿ?"

"ಇಲ್ಲ."

"ಮತ್ತ ಪಗಾರ ಯಾತಕ್ಕ ಕೊಡ್ತಾರ ನಿನಗ?"

"ಬರದ ಕಳಸಾಕ."

ಅಣ್ಣನಿಗೆ ಅದು ಕೆಲಸವೆಂದೇ ಅನ್ನಿಸಲಿಲ್ಲ. ಆದರೆ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರಿಗೆ ಇವತ್ತಿಗೂ ನಾನು ಕೊಡುವ ಉತ್ತರ ಅದೇ. ಊರಿನವರ ದುಡ್ಡು, ಊರಿನವರ ಷೇರು ಪೇಢಿಯ ಕೈಯಲ್ಲಿರುತ್ತದೆ. ಪೇಢಿ ಅದನ್ನು ಮುಟ್ಟಿಲ್ಲ, ಒಬ್ಬರದನ್ನು ಇನ್ನೊಬ್ಬರಿಗೆ ಬಳಸಿಲ್ಲ, ನಷ್ಟ ಬಂದರೆ ತಡೆದುಕೊಳ್ಳುವಷ್ಟು ಸ್ವಂತ ಬಂಡವಾಳ ಇಟ್ಟುಕೊಂಡಿದೆ ಎಂದು ಎಕ್ಸ್‌ಚೇಂಜಿಗೂ ನಿಯಂತ್ರಣ ಮಂಡಳಿಗೂ ಮತ್ತೆ ಮತ್ತೆ ತೋರಿಸಿಕೊಡಬೇಕು. ಕೆಲವು ವರದಿ ದಿನಕ್ಕೊಂದು, ಕೆಲವು ವಾರಕ್ಕೊಂದು, ಕೆಲವು ಆರು ತಿಂಗಳಿಗೊಂದು. ತಡವಾದರೆ ದಂಡ. ತಪ್ಪಾದರೆ ವಿಚಾರಣೆ. ಎಲ್ಲ ಸರಿಯಾಗಿದ್ದರೆ ಯಾರೂ ಮಾತಾಡುವುದಿಲ್ಲ. ಈ ಕೆಲಸದಲ್ಲಿ ಸಂತೋಷವೆಂದರೆ ಏನೂ ಆಗದಿರುವುದು. ಹಾಗಾಗಿ ಹೊಟ್ಟೆಯಲ್ಲಿ ಸದಾ ಒಂದು ಸಣ್ಣ ಕಸಿವಿಸಿ ಕೂತಿರುತ್ತದೆ. ಅದು ಹೋಗುತ್ತದೆಂದು ಕಾಯಬೇಡಿ, ಹೋಗುವುದಿಲ್ಲ.

ಪೇಢಿಯ ಮಾಲೀಕರಾದ ನಮ್ಮ ಸಾವ್ಕಾರರು ಮೊದಲು ಹತ್ತಿ, ಮೆಣಸಿನಕಾಯಿ ದಲಾಲಿ ಮಾಡಿದವರು. ಬಾಯಿಮಾತಿನ ಮೇಲೆ ಗಾಡಿಗಟ್ಟಲೆ ಮಾಲು ಕೊಂಡು ಮಾರಿದವರು. ಷೇರಿನ ದಂಧೆಗೆ ಇಳಿದ ಮೇಲೆ ಅವರಿಗೆ ಅರ್ಥವಾಗದೇ ಉಳಿದದ್ದು ಒಂದೇ: ಕಳ್ಳತನ ಮಾಡದವನು ತಾನು ಕಳ್ಳನಲ್ಲ ಎಂದು ಯಾಕೆ ಬರೆದುಕೊಡಬೇಕು?

"ನಮ್ಮಪ್ಪ ಬರಕೊಟ್ಟಿದ್ದನೇನು ಯಾರಿಗರ?" ಎಂದು ಪ್ರತಿ ಸಲ ಸಹಿ ಮಾಡುವಾಗ ಬೈಯುತ್ತಿದ್ದರು. ಕಾಗದ ಹೋಗಿ ಕಂಪ್ಯೂಟರ್ ಬಂದು, ಸಹಿಯ ಬದಲು ಬೆರಳುದ್ದದ ಡಿಜಿಟಲ್ ಕೀಲಿ ಬಂದಾಗ ಅದನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಬಾಜು ಇಟ್ಟುಕೊಂಡರು. ವರದಿ ಕಳಿಸಬೇಕಾದಾಗಲೆಲ್ಲ ಅವರ ಸ್ನಾನ, ಪೂಜೆ ಮುಗಿಯುವವರೆಗೆ ನಾನು ಅವರ ಮನೆಯ ಕಟ್ಟೆಯ ಮೇಲೆ ಕಾಯುತ್ತ ಕೂಡುತ್ತಿದ್ದೆ.

ಹಳೆಯ ಕಾಲದ ಒಂದು ಮಳೆಗಾಲ ನೆನಪಿದೆ. ನಮ್ಮ ಲೆಕ್ಕ ತಪಾಸಣೆಗಾರರು ನವಲಗುಂದದವರು. ಅರ್ಧವಾರ್ಷಿಕ ವರದಿಗೆ ಅವರ ಸಹಿ ಬೇಕು, ಅದು ಸಂಜೆಯ ಕೊರಿಯರಿಗೆ ಹುಬ್ಬಳ್ಳಿ ಮುಟ್ಟಬೇಕು. ಬೆಣ್ಣೆಹಳ್ಳ ತುಂಬಿ ರಸ್ತೆ ಮುಳುಗಿತ್ತು. ಆ ದಂಡೆಯಲ್ಲಿ ಕೊಡೆ ಹಿಡಿದ ಅವರು, ಈ ದಂಡೆಯಲ್ಲಿ ನಾನು. ಕೊನೆಗೆ ಟ್ರ್ಯಾಕ್ಟರಿನವನೊಬ್ಬ ಗೊಬ್ಬರದ ಖಾಲಿ ಚೀಲದಲ್ಲಿ ಫೈಲು ಸುತ್ತಿಕೊಂಡು ನೀರು ದಾಟಿಸಿಕೊಟ್ಟ. "ಇದರಾಗೇನ ಐತ್ರಿ, ಇಷ್ಟ ಅಂಜಾಕತ್ತೀರಿ?" ಎಂದು ಕೇಳಿದ. ಏನೂ ಇಲ್ಲ, ನಾವು ಸರಿಯಾಗಿದ್ದೇವೆ ಅಂತ ಬರೆದಿದೆ ಎಂದೆ. ಅವನು ನನ್ನನ್ನು ನೋಡಿದ ರೀತಿ ಅಣ್ಣನ ರೀತಿಯೇ ಆಗಿತ್ತು.

ಇನ್ನೊಮ್ಮೆ ನಮ್ಮ ಗುಮಾಸ್ತೆ ಬಂಡವಾಳದ ವರದಿಯಲ್ಲಿ ಲಕ್ಷದ ಲೆಕ್ಕದಲ್ಲಿ ತುಂಬಬೇಕಾದ ಅಂಕಿಯನ್ನು ರೂಪಾಯಿ ಲೆಕ್ಕದಲ್ಲಿ ತುಂಬಿ ಕಳಿಸಿಬಿಟ್ಟಳು. ಒಂದು ಮಧ್ಯಾಹ್ನದ ಮಟ್ಟಿಗೆ ಅಣ್ಣಿಗೇರಿಯ ನಮ್ಮ ಪೇಢಿ ದೇಶದ ದೊಡ್ಡ ಬ್ಯಾಂಕುಗಳಿಗಿಂತ ಶ್ರೀಮಂತವಾಗಿತ್ತು. ಮುಂಬೈಯಿಂದ ಫೋನು ಬಂದಾಗ ಆಕೆ ಅಳುತ್ತ ಕೂತಳು. ಸಾವ್ಕಾರರು ಮಾತ್ರ "ಇರ್ಲಿ ಬಿಡವಾ, ಅರ್ಧಾ ದಿನಾ ಆದ್ರೂ ಕೋಟ್ಯಧೀಶ ಮಾಡಿದಿ" ಎಂದು ನಕ್ಕರು. ತಿದ್ದುಪಡಿ ಕಳಿಸಿ, ಅದು ಒಪ್ಪಿತವಾಗಿದೆ ಎಂಬ ಉತ್ತರ ಬರುವವರೆಗೆ ನಾನು ಫೋನಿನ ಬಾಜುವಿನಿಂದ ಏಳಲಿಲ್ಲ.

ಇಂಥವು ಹೇಳುತ್ತ ಹೋದರೆ ಮುಗಿಯುವುದಿಲ್ಲ. ನಾನು ನಿಜವಾಗಿ ಹೇಳಬೇಕೆಂದಿರುವುದು ಬೇರೊಂದು ಪ್ರಸಂಗ. ಪ್ರಕರಣ ಮುಗಿದು ಎಷ್ಟೋ ಕಾಲವಾಗಿದೆ, ಸಂಬಂಧಪಟ್ಟವರ ಒಪ್ಪಿಗೆಯೂ ಇದೆ. ಆದರೂ ಹೆಸರುಗಳನ್ನು ಬದಲಿಸಿದ್ದೇನೆ.

ನಮ್ಮ ವರದಿಗಳಲ್ಲಿ ಉಳಿದವೆಲ್ಲ ಒಂದು ತೂಕ, ಸಂಶಯಾಸ್ಪದ ವ್ಯವಹಾರದ ವರದಿ ಒಂದು ತೂಕ. ಗಿರಾಕಿಯೊಬ್ಬನ ಖಾತೆಯಲ್ಲಿ ಅವನ ಆದಾಯಕ್ಕೆ, ಅವನ ಸ್ವಭಾವಕ್ಕೆ ಹೊಂದದ ವ್ಯವಹಾರ ಕಂಡರೆ ಸರಕಾರದ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ತಿಳಿಸಿದ್ದೇವೆಂದು ಆ ಗಿರಾಕಿಗೆ ಮಾತ್ರ ಗೊತ್ತಾಗಬಾರದು. ಬಾಯಿಬಿಟ್ಟು ಹೇಳುವುದಷ್ಟೇ ಅಲ್ಲ, ಸುಳಿವು ಕೊಟ್ಟರೂ ಅಪರಾಧ. ದೊಡ್ಡ ಶಹರದಲ್ಲಿ ಇದು ಸುಲಭವಿರಬಹುದು. ನಮ್ಮ ಕಡೆ ಗಿರಾಕಿ ಎಂದರೆ ಸಂತೆಯಲ್ಲಿ ಎದುರಾಗುವವನು, ಬಸ್ಸಿನಲ್ಲಿ ಬಾಜು ಕೂಡುವವನು.

ಗುಡಗೇರಿಯ ಕಾಳುಕಡಿ ವ್ಯಾಪಾರಿಯೊಬ್ಬರ ಮಗ ಪ್ರಭು ನಮ್ಮಲ್ಲಿ ಖಾತೆ ತೆರೆದಿದ್ದ. ತಂದೆಯ ಗೋದಾಮು ನೋಡಿಕೊಳ್ಳುವ ಹುಡುಗ. ಆಗೊಮ್ಮೆ ಈಗೊಮ್ಮೆ ನಾಲ್ಕು ಷೇರು ಕೊಂಡು ಇಟ್ಟುಕೊಳ್ಳುವವನು. ಇದ್ದಕ್ಕಿದ್ದಂತೆ ಅವನ ಖಾತೆಯಲ್ಲಿ, ಯಾರೂ ಹೆಸರು ಕೇಳದ ಒಂದು ಕಂಪನಿಯ ಷೇರು ಮುಂಜಾನೆ ಸಂಜೆ ಓಡಾಡತೊಡಗಿತು. ಇವನು ಮಾರಿದ್ದನ್ನು ಕೊಳ್ಳುವವರು ಮತ್ತೆ ಮತ್ತೆ ಅದೇ ನಾಲ್ಕೈದು ಖಾತೆಯವರು, ಅವರು ಮಾರಿದ್ದನ್ನು ಕೊಳ್ಳುವವನು ಇವನೇ. ಪ್ರತಿ ಸುತ್ತಿಗೂ ಬೆಲೆ ಒಂದೊಂದು ಮೆಟ್ಟಿಲು ಮೇಲೆ. ಹೀಗೆ ಬೆಲೆ ಉಬ್ಬಿಸಿ ಕೊನೆಗೆ ಅಮಾಯಕರ ತಲೆಗೆ ಕಟ್ಟುವ ಆಟ ನಾನು ಬೇರೆ ಕಡೆಯೂ ನೋಡಿದ್ದೆ.

ಸಾವ್ಕಾರರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. ಪ್ರಭುವಿನ ತಂದೆ ಅವರ ಹಳೆಯ ಪೇಟೆಯ ಗೆಳೆಯ.

"ಒಂದ ಮಾತ ಫೋನ್ ಹಚ್ಚೂಣು. ಅದನ್ನ ಬಂದ್ ಮಾಡಪಾ ಅಂದ್ರ ಮಾಡ್ತಾನ. ಯಾಕ ಮನಿ ಹಾಳ ಮಾಡೂದು?"

"ಹಂಗ ಮಾಡಿದ್ರ ನಾವಿಬ್ರೂ ಒಳಗ ಹೋಗ್ತೀವ್ರಿ."

ಅವರು ಎದ್ದು ಬಾಗಿಲು ಮುಂದೆ ಮಾಡಿದರು. ಆಮೇಲೆ, "ಈ ವರದಿ ಹುದ್ದೆಗೆ ಸರಕಾರಕ್ಕ ನಿನ್ನ ಹೆಸರ ಕೊಟ್ಟೀವಿ. ನಿನಗ ಖರೇ ಅನಿಸಿದ್ದ ಕಳಸು. ಕಳಿಸಿದಿ ಅಂತ ನನಗ ಹೇಳಬ್ಯಾಡ. ನಾ ಅವರ ಮನ್ಯಾಗ ಉಣ್ಣವ" ಎಂದರು.

ನಾನು ಕಳಿಸಿದೆ.

ಅದಾಗಿ ತುಸು ದಿನಕ್ಕೆ ಅಣ್ಣ ನಮ್ಮ ಮನೆಗೆ ಬಂದ. ಬಹಳ ಖುಷಿಯಲ್ಲಿದ್ದ. ಅವನ ಒಬ್ಬಳೇ ಮಗಳು ಗಿರಿಜಾ ಕಲಘಟಗಿ ಕಡೆಯ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು. ಎಮ್ಮೆ ಈಯಲಾರದೆ ಒದ್ದಾಡುತ್ತಿದ್ದರೆ ಭುಜದ ತನಕ ಕೈ ಹಾಕಿ ಕರು ತೆಗೆಯುವ ಹುಡುಗಿ. ಅವಳು ಒಪ್ಪುವ ವರ ಸಿಗುತ್ತಿರಲಿಲ್ಲ.

"ಗುಡಗೇರಿ ಮನಿತನ ಬಂದೈತಿ. ಕಾಳಿನ ವ್ಯಾಪಾರದವರು. ಹುಡುಗನ ಹೆಸರು ಪ್ರಭು" ಎಂದ. "ನಿಮ್ಮಲ್ಲೇ ಖಾತೆ ಐತಂತಲ್ಲ ಅವಂದು. ಹೆಂಗದಾನ?"

ನಾನು ಚಹದ ಬಸಿಯನ್ನು ಕೆಳಗಿಟ್ಟೆ. ಒಳ್ಳೆಯವನು ಎಂದರೆ ಸುಳ್ಳಾಗಬಹುದು, ಮಗಳ ಬಾಳು. ಬೇಡ ಎಂದರೆ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಹುಡುಗ ತಪ್ಪಿತಸ್ಥನೋ ಅಲ್ಲವೋ ನನಗೇ ಗೊತ್ತಿರಲಿಲ್ಲ. ನಾವು ಕಳಿಸುವುದು ಸಂಶಯವನ್ನು, ತೀರ್ಪನ್ನಲ್ಲ.

"ಖಾತೆ ಇಟ್ಟವರ ಬಗ್ಗೆ ನಾ ಯಾರಿಗೂ ಹೇಳಂಗಿಲ್ಲ ಅಣ್ಣಾ. ಚಲೋದೂ ಹೇಳಂಗಿಲ್ಲ, ಕೆಟ್ಟದ್ದೂ ಹೇಳಂಗಿಲ್ಲ. ಹಿಂದಿನಿಂದ ಹಂಗ ಬಂದೈತಿ."

"ನಾ ಯಾರಿಗೂ ಅಲ್ಲಲೇ. ನಿನ್ನ ಅಣ್ಣ."

"ಅಣ್ಣಗೂ ಇಲ್ಲ."

"ನಿನ್ನ ಮಗಳಾಗಿದ್ರ?"

ನಾನು ಬಸಿ ಎತ್ತಿಕೊಂಡು ಒಳಗೆ ಹೋದೆ. ಅಣ್ಣ ಮುನಿಸಿಕೊಂಡೇ ಹೋದ. ಆದರೆ ನನ್ನ ಮಾತಿನಲ್ಲಿ ಅವನಿಗೆ ಸುಳಿವು ಸಿಕ್ಕಿರಲಿಲ್ಲ. ತಮ್ಮನಿಗೆ ಸೊಕ್ಕು ಬಂದಿದೆ ಎಂದಷ್ಟೇ ತಿಳಿದುಕೊಂಡ. ಅದಕ್ಕೆ ನನಗೆ ಸಮಾಧಾನವೇ ಆಯಿತು. ಅಂಥ ಸಮಾಧಾನವನ್ನು ಶತ್ರುವಿಗೂ ಬಯಸಲಾರೆ.

ಹೆಣ್ಣು ನೋಡುವ ಶಾಸ್ತ್ರಕ್ಕೆ ಒಂದು ಶುಕ್ರವಾರ ನಿಶ್ಚಯವಾಯಿತು. ನಾನು ಕೆಲಸದ ನೆವ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ನನ್ನ ಹೆಂಡತಿ ಸುಮಂಗಲಾ ಕೇಳಲಿಲ್ಲ. "ಇರೂದ ಒಬ್ಬ ಕಾಕಾ. ನೀವ ಹೋಗಲಿಲ್ಲಂದ್ರ ಅವರೇನ ತಿಳ್ಕೋಬೇಕು?" ಎಂದಳು. ಅದೂ ನಿಜವೇ. ಹೋಗದಿದ್ದರೆ ನನ್ನ ಗೈರುಹಾಜರಿಯೇ ಮಾತಾಡುತ್ತಿತ್ತು. ಆಕೆಗೂ ನಾನು ಏನನ್ನೂ ಹೇಳಿರಲಿಲ್ಲ.

ದೇವಿಕೊಪ್ಪದ ಅಣ್ಣನ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಪ್ರಭು, ಅವನ ತಂದೆ, ಒಂದಿಬ್ಬರು ಹಿರಿಯರು ಬಂದರು. ಹುಡುಗ ನೋಡಲು ಲಕ್ಷಣವಾಗಿದ್ದ, ನಾಚಿಕೆಯವನು. ನನ್ನನ್ನು ಗುರುತು ಹಿಡಿದು ಎದ್ದು ನಮಸ್ಕಾರ ಮಾಡಿದ. ಅವನ ಕಣ್ಣನ್ನು ನನಗೆ ಸರಿಯಾಗಿ ನೋಡಲಾಗಲಿಲ್ಲ.

ಹಚ್ಚಿದ ಅವಲಕ್ಕಿ ಬಂತು. ಹುಡುಗ ತನ್ನ ಫೋನನ್ನು ಟೀಪಾಯಿಯ ಮೇಲಿಟ್ಟು ತಟ್ಟೆ ಕೈಗೆತ್ತಿಕೊಂಡ. ಫೋನು ಒಮ್ಮೆ ಗುಂಯ್‌ಗುಟ್ಟಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಮತ್ತೊಮ್ಮೆ. ಅವನು ತಿರುಗಿಯೂ ನೋಡಲಿಲ್ಲ. ನನಗೆ ಮಾತ್ರ ಆ ಸದ್ದು ಎದೆಯ ಮೇಲೆ ಬಡಿದಂತಾಯಿತು. ಖಾತೆಯಲ್ಲಿ ಕೊಂಡದ್ದು, ಮಾರಿದ್ದು ಎಲ್ಲವೂ ದಲ್ಲಾಳಿಯ ಕೈಗೆ ಬರದೆ ಎಕ್ಸ್‌ಚೇಂಜಿನಿಂದ ನೇರವಾಗಿ ಗಿರಾಕಿಯ ಫೋನಿಗೆ ತಿಳಿಯಬೇಕು ಎಂಬ ನಿಯಮವಿದೆ. ಅದು ಬಂದಾಗ ನಾವೆಲ್ಲ ಗೊಣಗಿದ್ದೆವು, ಯಾರು ಓದುತ್ತಾರೆ ಇವನ್ನು ಎಂದು. ಈಗ ಸಂದೇಶಗಳು ಒಂದರ ಹಿಂದೊಂದು ಬರುತ್ತಿದ್ದವು. ಪೇಟೆ ನಡೆಯುತ್ತಿತ್ತು. ಹುಡುಗ ಅವಲಕ್ಕಿ ತಿನ್ನುತ್ತಿದ್ದ.

ಗಿರಿಜಾ ಚಹದ ತಾಟು ಹಿಡಿದುಕೊಂಡು ಬಂದಳು. ಟೀಪಾಯಿಯ ಮೇಲೆ ಕಪ್ಪು ಇಡುವಾಗ ಫೋನು ಮತ್ತೆ ಒದರಿತು. ಅವಳು ನೆಟ್ಟಗೆ ನಿಂತು ಕೇಳಿದಳು:

"ಏನ್ರಿ, ನಿಮ್ಮ ಫೋನು ಬಾಳ ಬಡಕೊಳ್ಳಾಕತ್ತೈತಿ. ಮನ್ಯಾಗ ಯಾರಿಗರ ಆರಾಮಿಲ್ಲೇನು?"

ಹುಡುಗ ಬೆದರಿದ. "ಇಲ್ರಿ, ಅದು ಷೇರಿಂದು. ಕೊಂಡದ್ದು ಮಾರಿದ್ದು ಬರ್ತಿರ್ತಾವು."

"ನೀವ ಇಲ್ಲೇ ಕುಂತೀರಿ. ಮತ್ತ ಕೊಳ್ಳಾಕತ್ತಾವ್ರು ಯಾರು?"

ಪ್ರಭುವಿನ ತಂದೆ ಮಗನತ್ತ ನೋಡಿದರು. ಅವರಿಗೂ ಆ ಪ್ರಶ್ನೆ ಎಂದೂ ಹೊಳೆದಿರಲಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

"ಹುಬ್ಬಳ್ಳ್ಯಾಗ ನನ್ನ ದೋಸ್ತ ಅದಾನ್ರಿ" ಎಂದ ಹುಡುಗ. "ಅವಗ ಪಾಸ್‌ವರ್ಡ್ ಕೊಟ್ಟೀನಿ. ರೊಕ್ಕಾನೂ ಅವನ ಹಾಕ್ತಾನ. ನನ್ನ ಹೆಸರಿನ್ಯಾಗ ಮಾಡ್ತಾನ, ಬಂದದ್ದರಾಗ ಸ್ವಲ್ಪ ನನಗ ಕೊಡ್ತಾನ."

ಒಂದಿಷ್ಟೂ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟ. ಅದರಲ್ಲಿ ತಪ್ಪೇನಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅಣ್ಣ ಜೋರಾಗಿ ನಕ್ಕು, ಗಂಟು ಬಿಡಿಸಿದವನಂತೆ ನನ್ನತ್ತ ಕೈ ಮಾಡಿದ.

"ನಮ್ಮ ತಮ್ಮ ಇಲ್ಲೇ ಅದಾನ. ಇದರಾಗ ಅಗದಿ ಶ್ಯಾಣ್ಯಾ. ಹೇಳೋ, ಹಂಗ ಮಾಡಿದ್ರ ನಡೀತೈತೇನು?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸುಮ್ಮನಿದ್ದರೆ ಅದು ಸುಳಿವು. ಹೆಚ್ಚು ಮಾತಾಡಿದರೂ ಸುಳಿವು. ನನಗೆ ಏನೂ ಗೊತ್ತಿರದಿದ್ದರೆ ಇಲ್ಲಿ ಏನು ಹೇಳುತ್ತಿದ್ದೆ ಎಂದು ಯೋಚಿಸಿದೆ. ಆಫೀಸಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿದ ಮಾತೊಂದೇ ನೆನಪಾಯಿತು.

"ಪಾಸ್‌ವರ್ಡ್ ಯಾರಿಗೂ ಕೊಡಬಾರದು ಅಂತ ನಿಯಮ ಐತಿ. ಎಲ್ಲಾರಿಗೂ ಇದನ್ನ ಹೇಳ್ತೀವಿ."

ಅಷ್ಟೇ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ಗಿರಿಜಾ ಖಾಲಿ ತಾಟನ್ನು ಎದೆಗೆ ಒತ್ತಿಕೊಂಡು ಹುಡುಗನಿಗೆ ಹೇಳಿದಳು: "ನಮ್ಮ ದವಾಖಾನಿ ಔಷಧ ಕಪಾಟಿನ ಕೀಲಿ ನಾ ಯಾರಿಗೂ ಕೊಡಂಗಿಲ್ರಿ. ದನಾ ಸತ್ರ ನನ್ನ ಹೆಸರ ಬರ್ತೈತಿ."

ಪೇಟೆ ಮತ್ತೆ ತೆರೆದ ದಿನ, ಸೋಮವಾರ, ಪ್ರಭು ತಂದೆಯೊಡನೆ ನಮ್ಮ ಆಫೀಸಿಗೆ ಬಂದ. ಈ ವ್ಯವಹಾರ ತಾನು ಮಾಡಿದ್ದಲ್ಲ, ಪಾಸ್‌ವರ್ಡ್ ಬೇರೆಯವರ ಕೈಯಲ್ಲಿದೆ, ಖಾತೆ ನಿಲ್ಲಿಸಿ ಎಂದು ದೂರು ಬರೆದುಕೊಟ್ಟ. ದೂರು ತೆಗೆದುಕೊಂಡು ತಾರೀಖು ಹಾಕುವಾಗ ನನಗೆ ಹೊಳೆಯಿತು: ಹೊರಗಿನಿಂದ ನೋಡಿದವರಿಗೆ ಇದು ಹೇಗೆ ಕಾಣುತ್ತದೆ? ಅಧಿಕಾರಿ ಗುಟ್ಟಿನ ವರದಿ ಕಳಿಸುತ್ತಾನೆ. ಆಮೇಲೆ ಆ ಗಿರಾಕಿಯ ಜೊತೆ ಕೂತು ಅವಲಕ್ಕಿ ತಿನ್ನುತ್ತಾನೆ. ಎರಡು ದಿನ ಬಿಟ್ಟು ಗಿರಾಕಿಯೇ ಬಂದು, ತಾನು ನಿರಪರಾಧಿ ಎಂದು ದೂರು ಕೊಡುತ್ತಾನೆ. ನಾನೇ ತಪಾಸಣೆಗೆ ಹೋಗಿದ್ದರೆ ನಾನೇ ನಂಬುತ್ತಿರಲಿಲ್ಲ.

ಸಾವ್ಕಾರರ ಬಳಿ ಹೋಗಿ ನಡೆದದ್ದೆಲ್ಲ ಹೇಳಿದೆ. ಈಗ ಅವರು ತಿಳಿಯದೇ ಇರುವಂತಿರಲಿಲ್ಲ. "ಸುಮ್ನ ಕುಂದ್ರು. ಯಾರ ಕೇಳ್ತಾರ?" ಎಂದರು. ನಾನು ಕೂಡಲಿಲ್ಲ. ಪ್ರಭುವಿನ ದೂರಿನೊಂದಿಗೆ ಇನ್ನೊಂದು ವರದಿ ಕಳಿಸಿದೆ. ಈ ಗಿರಾಕಿಯ ಮನೆಗೂ ನನ್ನ ಅಣ್ಣನ ಮನೆಗೂ ಸಂಬಂಧದ ಮಾತು ನಡೆದಿದೆ, ಇಂಥ ಪ್ರಸಂಗದಲ್ಲಿ ಇಷ್ಟು ಮಾತು ನನ್ನ ಬಾಯಿಂದ ಬಂದಿದೆ ಎಂದು ಅದರಲ್ಲಿ ಬರೆದೆ. ಇನ್ನು ಮುಂದೆ ಈ ಖಾತೆಯನ್ನು ಬೇರೆಯವರು ನೋಡಲಿ ಎಂದೂ ಕೇಳಿಕೊಂಡೆ. ಹೊಸಬರಿಗೆ ನಾನು ಕೊಡುವ ಬುದ್ಧಿಮಾತು ಇದೊಂದೇ: ನಿಮ್ಮ ಬಗ್ಗೆ ಬರೆಯುವ ಪ್ರಸಂಗ ಬಂದರೆ, ಬೇರೆಯವರು ಕೇಳುವ ಮೊದಲೇ ಬರೆಯಿರಿ.

ಆಮೇಲೆ ಏನೂ ಇಲ್ಲ. ತಿಂಗಳುಗಟ್ಟಲೆ ಏನೂ ಇಲ್ಲ. ಆಫೀಸಿನ ಮೆಟ್ಟಿಲ ಮೇಲೆ ಗುರುತಿಲ್ಲದ ಚಪ್ಪಲಿ ಸದ್ದಾದರೆ ನಾನು ಎದ್ದು ನಿಲ್ಲುತ್ತಿದ್ದೆ. ಅಂಚೆಯವನು ಬೇರೆ ಯಾರದೋ ಕಾಗದ ಕೊಟ್ಟು ಹೋದರೂ ಅಂಗಿ ಬೆವರಿನಿಂದ ಒದ್ದೆಯಾಗುತ್ತಿತ್ತು. ನನಗೆ ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಸುಮಂಗಲಾ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ರಕ್ತ ತಪಾಸಣೆ ಮಾಡಿಸಿದಳು. ಏನೂ ಇರಲಿಲ್ಲ.

ಕೊನೆಗೆ ನಿಯಂತ್ರಣ ಮಂಡಳಿಯ ತಪಾಸಣೆಯ ತಂಡ ಬಂತು. ಅದರ ಮುಖ್ಯಸ್ಥೆ ಮೆಲುದನಿಯ ಹೆಂಗಸು. ಮೂರೂ ಹೊತ್ತು ಬಿಸಿನೀರು ಕುಡಿಯುತ್ತಿದ್ದರು. ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಪ್ರಶ್ನೆಯನ್ನು ನಾನಾ ರೀತಿಯಲ್ಲಿ ಕೇಳಿದರು: ಪ್ರಭುವಿಗೆ ಮೊದಲು ಯಾರು ಹೇಳಿದರು? ನಾನು ಫೋನಿನ ಸದ್ದಿನಿಂದ ಹಿಡಿದು ಖಾಲಿ ತಾಟಿನ ತನಕ ಹೇಳಿದೆ. ಅವರ ಮುಖದಲ್ಲಿ ನಂಬಿಕೆಯೂ ಕಾಣಲಿಲ್ಲ, ಅಪನಂಬಿಕೆಯೂ ಕಾಣಲಿಲ್ಲ. "ಆ ಹುಡುಗಿಯ ನಂಬರ್ ಕೊಡಿ" ಎಂದರು. ನನ್ನನ್ನು ಹೊರಗೆ ಕಳಿಸದೆ, ಸ್ಪೀಕರ್ ಹಚ್ಚಿ, ನನ್ನ ಮುಂದೆಯೇ ಮಾತಾಡಿದರು.

ಗಿರಿಜಾ ಯಾವುದೋ ದನದ ಕೊಟ್ಟಿಗೆಯಲ್ಲಿದ್ದಳು. ಹಿಂದೆ ಆಕಳೊಂದು ಒದರುತ್ತಿತ್ತು.

"ನಿಮ್ಮ ಚಿಕ್ಕಪ್ಪ ನಿಮಗೆ ಮೊದಲೇ ಏನಾದರೂ ಹೇಳಿದ್ದರಾ?"

"ಯಾವದರ ಬಗ್ಗೆ ಮೇಡಂ?"

"ಆ ಹುಡುಗನ ಖಾತೆಯ ಬಗ್ಗೆ."

"ಇಲ್ರಿ. ನಮ್ಮಪ್ಪ ಕೇಳಿದ್ರೂ ಹೇಳಲಿಲ್ಲ. ಅದಕ್ಕ ಮನಿಮಂದಿಗೆಲ್ಲ ಸಿಟ್ಟ ಬಂದಿತ್ತು. ಫೋನ್ ಬಡಕೊಳ್ಳೂದು ನನ್ನ ಕಿವಿಗೆ ಕೇಳಿಸ್ತು, ಕೇಳಿದೆ." ಆಮೇಲೆ ತಡೆದು, ಬೇರೆ ದನಿಯಲ್ಲಿ, "ಹಂಗಾದ್ರ ಕಾಕಾಗ ಮೊದಲ ಗೊತ್ತಿತ್ತೇನ್ರಿ?" ಎಂದಳು.

ಅಧಿಕಾರಿ ಉತ್ತರ ಕೊಡದೆ ಫೋನು ಇಟ್ಟರು. ನನ್ನನ್ನು ನೋಡಿ, "ನೀವು ಹೋಗಬಹುದು" ಎಂದರು. ನನ್ನ ಮೇಲಿನ ವಿಚಾರಣೆ ಅಲ್ಲಿಗೆ ಮುಗಿಯಿತು. ಆದರೆ ಗಿರಿಜಾಳ ಆ ಕೊನೆಯ ಪ್ರಶ್ನೆ ಸಂಜೆಯೊಳಗೆ ದೇವಿಕೊಪ್ಪ ಮುಟ್ಟಿತ್ತು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಹುಬ್ಬಳ್ಳಿಯ ಆ ಗೆಳೆಯ, ಅವನ ಹಿಂದಿದ್ದವರು ಸಿಕ್ಕಿಬಿದ್ದರು. ಇಂಥ ಎಷ್ಟೋ ಹುಡುಗರ ಖಾತೆಗಳನ್ನು ಅವರು ಹೀಗೆಯೇ ಬಾಡಿಗೆಗೆ ಹಿಡಿದಿದ್ದರು. ಪ್ರಭು ಮುಂಬೈಗೆ ಹೋಗಿ ಬಂದು ಹೇಳಿಕೆ ಕೊಟ್ಟ. ಅವನಿಗೂ ದಂಡ ಬಿತ್ತು, ಕೆಲವು ಕಾಲ ಷೇರುಪೇಟೆಗೆ ಕಾಲಿಡಬಾರದೆಂದಾಯಿತು. ತಾನೇ ಮೊದಲು ಬಂದು ಹೇಳಿದನೆಂದು ಅಷ್ಟಕ್ಕೇ ಬಿಟ್ಟರು. ಅಣ್ಣ ಆ ಸಂಬಂಧ ಬೇಡವೇ ಬೇಡ ಎಂದ. ಗಿರಿಜಾ, "ಕೇಳಿದ ಕೂಡ್ಲೆ ಖರೇ ಹೇಳಿದ ಗಂಡಸು ನನಗ ಇವನೊಬ್ಬನ ಸಿಕ್ಕಾನ" ಎಂದಳು. ಎಲ್ಲ ತೀರ್ಮಾನವಾಗುವ ತನಕ ಕಾದು ಅವನನ್ನೇ ಮದುವೆಯಾದಳು. ಈಗ ಗುಡಗೇರಿಯಲ್ಲೇ ಇದ್ದಾರೆ. ಗೋದಾಮಿನ ಕೀಲಿ ಅವಳ ಸೊಂಟದಲ್ಲಿದೆ ಎಂದು ಕೇಳಿದ್ದೇನೆ.

ಅಣ್ಣ ಮಾತ್ರ ನನ್ನೊಡನೆ ಮಾತು ಬಿಟ್ಟ. ತಮ್ಮ ಎಲ್ಲ ಗೊತ್ತಿದ್ದೂ ತನ್ನ ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿಂದನಲ್ಲ ಎಂಬುದು ಅವನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಮದುವೆಗೆ ಕರೆಯೋಲೆ ಕಳಿಸಿದ, ನಾವು ಹೋದೆವು. ಪಂಕ್ತಿಯಲ್ಲಿ ನನ್ನ ಎಲೆಗೆ ಬಡಿಸುತ್ತ ದಾಟಿ ಹೋದ, ಮುಖ ನೋಡಲಿಲ್ಲ. ಹಾಗೆಯೇ ವರ್ಷಗಳು ಕಳೆದವು.

ನಾನು ನಿವೃತ್ತನಾದ ಮೇಲೆ, ಒಂದು ಬೆಳಿಗ್ಗೆ, ಹೇಳದೆ ಕೇಳದೆ ಅಣ್ಣ ಅಣ್ಣಿಗೇರಿಗೆ ಬಂದ. ಬಾಗಿಲಲ್ಲಿ ಕೈಕಾಲು ತೊಳೆದುಕೊಂಡು, ಒಳಗೆ ಬಂದು ಕುಳಿತ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸುಮಂಗಲಾ ನೀರು ಕೊಟ್ಟು ಒಳಗೆ ಸರಿದಳು.

"ನೌಕರಿ ಮುಗೀತಲ್ಲ?"

"ಮುಗೀತು."

"ಈಗರ ಖರೇ ಹೇಳು. ಆ ದಿನ ಫೋನ್ ಬಡಕೊಳ್ಳದ ಇದ್ದಿದ್ರ, ಗಿರಿಜಾ ಕೇಳದ ಇದ್ದಿದ್ರ, ಮದಿವಿ ನಿಶ್ಚಯ ಆಗಿದ್ರ, ನೀ ಬಾಯಿ ಬಿಡ್ತಿದ್ದೇನು?"

ಈ ಪ್ರಶ್ನೆಯನ್ನು ನಾನು ನನಗೇ ಎಷ್ಟು ಸಲ ಕೇಳಿಕೊಂಡಿದ್ದೆನೋ. ಒಮ್ಮೆ ಹೇಳುತ್ತಿದ್ದೆ ಅನ್ನಿಸುತ್ತಿತ್ತು, ಒಮ್ಮೆ ಇಲ್ಲ ಅನ್ನಿಸುತ್ತಿತ್ತು. ಅವನ ಮುಖ ಎದುರಿಗೆ ಕಂಡಾಗ ಸುಳ್ಳು ಹೇಳಲಾಗಲಿಲ್ಲ.

"ಇಲ್ಲ ಅಣ್ಣಾ."

"ಮದಿವಿಗೆ ಬರ್ತಿದ್ದೇನು?"

"ಬರ್ತಿದ್ದೆ."

"ಅಕ್ಕಿಕಾಳ ಹಾಕ್ತಿದ್ದೇನು?"

"ಹಾಕ್ತಿದ್ದೆ."

ಅಣ್ಣ ಕುಡಿದ ನೀರಿನ ತಂಬಿಗೆಯನ್ನು ಕೆಳಗಿಟ್ಟ. ಅವನು ಎದ್ದು ಹೋಗುತ್ತಾನೆ, ಇನ್ನು ಈ ಜನ್ಮದಲ್ಲಿ ಬರುವುದಿಲ್ಲ ಎಂದುಕೊಂಡೆ. ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

"ಯಪ್ಪಾ, ಎಲ್ಲಾ ಒಳಗ ಇಟ್ಕೊಳ್ಳೂ ಇಂಥಾ ಹೊಟ್ಟಿ ದೇವ್ರು ನನಗ ಕೊಡಲಿಲ್ಲ, ಚಲೋ ಆತು" ಎಂದ. "ನಾ ಆಗಿದ್ರ ಸತ್ತ ಹೋಗ್ತಿದ್ದೆ."

ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಮೊದಲಿನ ಗಟ್ಟಿ ದನಿಯಲ್ಲಿ ಕೂಗಿದ:

"ಸುಮಂಗಲಾ, ರೊಟ್ಟಿ ಬಡಿಯಾಕತ್ತಿಯೇನವಾ? ನಂದೂ ಎರಡು ಬಡಿ. ಉಂಡ ಹೋಗ್ತೀನಿ."